ಹರಿಗೋಲಿಗೊಂದು ಅಳತೆ

ಹಾಯಿ ದೋಣಿಯ ಪಂದ್ಯ ಎಂದೊಡನೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ವೀಕ್ಷಕರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪುಟ ತಿರುವುವ ಸಾಧ್ಯತೆ ಹೆಚ್ಚು. ಸಮುದ್ರ ಇರುವುದು ಘಟ್ಟದ ಕೆಳಗೆ. ಇಲ್ಲಿ ಇರುವುದು ಮೆಣಸಿನಕಾಯಿ, ಹತ್ತಿ, ಗೋವಿನಜೋಳ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬಂಡೆ ತೋರಿಸುವ ಹೊಳೆಗಳು. ಆದರೂ ಸ್ವಲ್ಪ ತಾಳಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಏಕೆಂದರೆ ಹಾಯಿ ದೋಣಿಯವರು ನೂರು ವರ್ಷಕ್ಕೂ ಹಿಂದೆ ಒಂದು ಉಪಾಯ ಕಂಡುಕೊಂಡರು. ಬಳಕೆ ತಪ್ಪುತ್ತಿರುವ ಸಣ್ಣ ದೋಣಿಯನ್ನು ನೀರಿನ ಮೇಲೆಯೇ ಉಳಿಸಿಕೊಳ್ಳುವ ಉಪಾಯ ಅದು. ಅದು ಇಂದು ಹೆಚ್ಚಾಗಿ ಬೇಕಾಗಿರುವುದು ತುಂಗಭದ್ರೆಯ ದಡಕ್ಕೆ.

ಮೊದಲು ‘ವರ್ಗ’ ಎಂಬ ಮಾತನ್ನು ತಿಳಿದುಕೊಳ್ಳೋಣ. ಜಾತ್ರೆಯ ಜಾನುವಾರು ಪ್ರದರ್ಶನದಲ್ಲಿ ಹಾಲುಹಲ್ಲಿನ ಕರುವನ್ನೂ ಬಾಯಿಗೂಡಿದ ಎತ್ತನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬಹುಮಾನ ಕೊಡುತ್ತಾರೆಯೇ? ಇಲ್ಲ. ಎರಡು ಹಲ್ಲಿನದಕ್ಕೆ ಒಂದು, ನಾಲ್ಕು ಹಲ್ಲಿನದಕ್ಕೆ ಒಂದು ಎಂದು ಬೇರ್ಪಡಿಸುತ್ತಾರೆ. ಕರಾವಳಿಯ ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಂಗಡಣೆಯಿದೆ. ಅದರಲ್ಲೂ ಹಿರಿಯ, ಕಿರಿಯ ಎಂಬ ಭೇದವಿದೆ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಸರಿಸಮಾನರ ನಡುವೆ ನಡೆದರೆ ಮಾತ್ರ ಅದು ಪಂದ್ಯ. ಇಲ್ಲದಿದ್ದರೆ ಬರಿಯ ಮೆರವಣಿಗೆ.

ದೋಣಿಯ ವಿಷಯದಲ್ಲಿ ಈ ನ್ಯಾಯ ಬಹುಕಾಲ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಯಿ ಪಂದ್ಯವೆಂದರೆ ಶ್ರೀಮಂತರ ಹಟ. ಈ ವರ್ಷ ಸೋತವನು ಮುಂದಿನ ವರ್ಷ ಇನ್ನಷ್ಟು ಉದ್ದದ, ಇನ್ನಷ್ಟು ಹಾಯಿ ಬಟ್ಟೆಯ ದೋಣಿ ಕಟ್ಟಿಸಿ ತರುತ್ತಿದ್ದ. ಹಳೆಯ ದೋಣಿ ದಡದಲ್ಲಿ ಕೊಳೆಯುತ್ತಿತ್ತು. ಇದಕ್ಕೆ ಬೇಸತ್ತ ಐರ್ಲೆಂಡಿನ ಡಬ್ಲಿನ್ ನಗರದ ಕೆಲವರು 1887ರಲ್ಲಿ ಒಂದು ಕರಾರು ಮಾಡಿಕೊಂಡರು. ಎಲ್ಲರ ದೋಣಿಯೂ ಒಂದೇ ನಕ್ಷೆಯದಾಗಿರಬೇಕು, ಎಲ್ಲರ ಹಾಯಿಯೂ ಒಂದೇ ಅಳತೆಯದಾಗಿರಬೇಕು; ಗೆಲ್ಲುವುದು ಕೈಚಳಕದಿಂದಲೇ ಹೊರತು ಹಣದ ಚೀಲದಿಂದಲ್ಲ. ಆ ಪುಟ್ಟ ಮರದ ದೋಣಿಗೆ ‘ವಾಟರ್ ವ್ಯಾಗ್’ ಎಂದು ಹೆಸರಿಟ್ಟರು. ಜಗತ್ತಿನಲ್ಲಿ ಒಂದೇ ನಕ್ಷೆಯ ದೋಣಿಗಳ ಪಂದ್ಯ ಆರಂಭವಾದದ್ದು ಹೀಗೆ. 1900ರಲ್ಲಿ ನಕ್ಷೆಯನ್ನು ಒಮ್ಮೆ ತಿದ್ದಿಕೊಂಡರು. ಆ ತಿದ್ದಿದ ನಕ್ಷೆಯ ಮರದ ದೋಣಿಗಳು ಇಂದಿಗೂ ಡಬ್ಲಿನ್ ಬಳಿಯ ಬಂದರಿನಲ್ಲಿ ಪಂದ್ಯಕ್ಕೆ ಇಳಿಯುತ್ತವೆ.

ಎರಡನೆಯ ಉದಾಹರಣೆ ನಮ್ಮ ದೇಶಕ್ಕೂ ಬಂದದ್ದು. 1956ರಲ್ಲಿ ಇಂಗ್ಲೆಂಡಿನ ‘ನ್ಯೂಸ್ ಕ್ರಾನಿಕಲ್’ ಎಂಬ ದಿನಪತ್ರಿಕೆ, ಸಾಮಾನ್ಯ ಜನ ಮನೆಯಂಗಳದಲ್ಲೇ ಕಟ್ಟಿಕೊಳ್ಳಬಹುದಾದ ಒಂದು ಹಾಯಿ ದೋಣಿಗೆ ಪ್ರಾಯೋಜಕನಾಯಿತು. ಜ್ಯಾಕ್ ಹೋಲ್ಟ್ ಎಂಬ ವಿನ್ಯಾಸಕ ಪ್ಲೈವುಡ್ ಹಲಗೆಗಳಿಂದ ಅದನ್ನು ರೂಪಿಸಿದ. ಸುಮಾರು 4 ಮೀಟರ್ ಉದ್ದ, 1.6 ಮೀಟರ್ ಅಗಲ, ಇಬ್ಬರು ಸವಾರರು, ನೀಲಿ ಹಾಯಿ. ಹೆಸರು ‘ಎಂಟರ್‌ಪ್ರೈಸ್’. ಇದನ್ನು ನಂಬಿ ನೀರಿಗಿಳಿಯಬಹುದೆಂದು ಜನರಿಗೆ ತೋರಿಸಲು ಆ ವರ್ಷದ ಜನವರಿಯ ಚಳಿಯಲ್ಲಿ, ರಾತ್ರಿಯ ಹೊತ್ತಿನಲ್ಲಿ, ಎರಡು ದೋಣಿಗಳನ್ನು ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿದರು. ಪತ್ರಿಕೆ 1960ರಲ್ಲಿ ನಿಂತುಹೋಯಿತು. ದೋಣಿ ನಿಲ್ಲಲಿಲ್ಲ, 20 ಸಾವಿರಕ್ಕೂ ಹೆಚ್ಚು ಎಂಟರ್‌ಪ್ರೈಸ್‌ಗಳು ನೀರಿಗಿಳಿದಿವೆ. 1982ರ ಏಷ್ಯನ್ ಕ್ರೀಡಾಕೂಟದ ಹಾಯಿ ಪಂದ್ಯಗಳು ಮುಂಬಯಿಯಲ್ಲಿ ನಡೆದಾಗ ಎಂಟರ್‌ಪ್ರೈಸ್ ಒಂದು ವರ್ಗವಾಗಿತ್ತು. ಇನ್ನೊಂದು ವರ್ಗವಾದ ‘ಫೈರ್‌ಬಾಲ್’ನಲ್ಲಿ ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಭಾರತಕ್ಕೆ ಚಿನ್ನದ ಪದಕ ತಂದರು. ಸಮುದ್ರವಿಲ್ಲದ ಊರಿಗೆ ಹಾಯಿ ಪಂದ್ಯ ಒಗ್ಗದು ಎನ್ನುವವರು ಬೆಂಗಳೂರಿನ ಹಲಸೂರು ಕೆರೆಯ ದಡಕ್ಕೆ ಹೋಗಿ ನೋಡಬೇಕು. ಅಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿ ದೋಣಿ ನಡೆಸುವುದನ್ನು ಕಲಿಯುತ್ತ, ಕಲಿಸುತ್ತ ಬಂದಿದ್ದಾರೆ. ನೀರು ಉಪ್ಪಾಗಿರಬೇಕೆಂದು ದೋಣಿ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಉದ್ದೇಶ ಬೇರೆ. ಒಂದು ವರ್ಗದ ದೋಣಿ ಏಕೆ ಸಾಯುವುದಿಲ್ಲ ಎಂಬುದನ್ನು ಗಮನಿಸಿ. ಅದರ ನಿಯಮಪುಸ್ತಕದಲ್ಲಿ ಹಲಗೆಯ ಆಕಾರ ಎಷ್ಟು ಮಿಲಿಮೀಟರ್ ಆಚೀಚೆ ಆಗಬಹುದು, ಹಾಯಿ ಎಷ್ಟು ದೊಡ್ಡದಿರಬಹುದು ಎಂದೆಲ್ಲ ಬರೆದಿರುತ್ತದೆ. ಪಂದ್ಯಕ್ಕೆ ಮುನ್ನ ಅಳತೆಗಾರ ಟೇಪು, ತಕ್ಕಡಿ ಹಿಡಿದು ಬರುತ್ತಾನೆ. ದೋಣಿ ನಿಗದಿಗಿಂತ ಹಗುರವಾಗಿದ್ದರೆ ಒಳಗೆ ಸೀಸದ ತುಂಡು ಬಿಗಿದು ತೂಕ ಸರಿಮಾಡುತ್ತಾರೆ. ಆದ್ದರಿಂದ ತಂದೆ ಕಟ್ಟಿದ ದೋಣಿಯನ್ನು ಮಗ ಹೊಸದರ ಎದುರು ನಿಲ್ಲಿಸಿ ಗೆಲ್ಲಬಹುದು. ಹಳೆಯದಕ್ಕೆ ಬೆಲೆ ಉಳಿಯುತ್ತದೆ. ಬೆಲೆ ಇರುವುದರಿಂದ ದುರಸ್ತಿ ಮಾಡುವವನಿಗೆ ಕೆಲಸ ಇರುತ್ತದೆ. ಕೆಲಸ ಇರುವುದರಿಂದ ಅವನ ವಿದ್ಯೆ ಇನ್ನೊಬ್ಬನಿಗೆ ಹೋಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ಇಟ್ಟ ದೋಣಿ ಹೇಗೆ ಕಾಣುತ್ತಿತ್ತು ಎಂಬುದನ್ನು ಮಾತ್ರ ಹೇಳಬಲ್ಲದು. ಹೇಗೆ ಹೆಣೆಯಬೇಕು, ಎಲ್ಲಿ ಸೋರುತ್ತದೆ, ಗಾಳಿ ಎದ್ದಾಗ ಯಾವ ಮೊಣಕಾಲು ಊರಬೇಕು ಎಂಬುದನ್ನು ಅದು ಹೇಳಲಾರದು.

ಹಾವೇರಿ ಸೀಮೆಯವರಿಗೆ ಇದು ಹೊಸ ತತ್ವವೇನಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಆದರೂ ದೀಪಾವಳಿಯ ನಂತರ ಕೊಬ್ಬರಿ ಕಟ್ಟಿ ಹೋರಿ ಓಡಿಸುವ ಹಬ್ಬ ಇರುವುದರಿಂದ ಎಷ್ಟೋ ಮನೆಗಳಲ್ಲಿ ಹೋರಿಯನ್ನು ಮಗನಂತೆ ಮೇಯಿಸುತ್ತಾರೆ. ಓಟವೇ ಇಲ್ಲದಿದ್ದರೆ ಆ ಹೋರಿಗಳು ಎಂದೋ ಸಂತೆ ಸೇರುತ್ತಿದ್ದವು.

ನಮ್ಮ ಹೊಳೆಯ ದೋಣಿ

ಈಗ ತುಂಗಭದ್ರೆಗೆ ಬರೋಣ. ಹರಿಹರ ದಾಟಿದ ಮೇಲೆ ಹೊಳೆ ರಾಣೆಬೆನ್ನೂರು ಮತ್ತು ಹಾವೇರಿ ತಾಲ್ಲೂಕುಗಳ ಅಂಚು ಹಿಡಿದು ಹರಿಯುತ್ತದೆ. ಐರಣಿಯ ಕೋಟೆಯ ಬುಡ, ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಹಿತ್ತಿಲು, ವರದೆ ಬಂದು ಸೇರುವ ಗಳಗನಾಥ, ಇವೆಲ್ಲ ಅದರ ದಡಗಳು. ಈ ದಡಗಳ ದೋಣಿ ಹರಿಗೋಲು. ಕೆಲವೆಡೆ ಅರಗೋಲು, ಕೆಲವೆಡೆ ತೆಪ್ಪ ಎನ್ನುವುದೂ ಉಂಟು. ತೆಲುಗಿನವರಿಗೆ ಪುಟ್ಟಿ, ತಮಿಳರಿಗೆ ಪರಿಸಲ್. ನೋಡಿದರೆ ದೊಡ್ಡದೊಂದು ಬುಟ್ಟಿ.

ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತಿರುವ ಊರು ಚೌಡದಾನಪುರ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯ ತನ್ನ ಕಸುಬು ಸೇರಿದ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟ. ಹುಟ್ಟು ಹಾಕುವ ಕೈ ಅಷ್ಟು ಧೈರ್ಯದ್ದು. ಈ ಒಂದು ಕಾರಣಕ್ಕಾದರೂ ಹರಿಗೋಲು ಈ ಜಿಲ್ಲೆಯ ಗುರುತಿನ ವಸ್ತುವಾಗಬೇಕಾಗಿತ್ತು ಎಂದು ನನಗೆ ಅನಿಸುತ್ತದೆ.

ದೋಣಿಯ ವಂಶ ಇನ್ನೂ ಹಳೆಯದು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಕಡ್ಡಿಯ ಹಂದರ, ಮೇಲೆ ಚರ್ಮದ ಹೊದಿಕೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತಂತೆ. ಸರಕು ಹೇರಿಕೊಂಡು ಹೊಳೆಯ ಕೆಳಕ್ಕೆ ಬಂದವರು ಪ್ರವಾಹದ ವಿರುದ್ಧ ಮರಳಲಾರದೆ ಕಡ್ಡಿಯನ್ನು ಅಲ್ಲೇ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರು ಸೇರುತ್ತಿದ್ದರು. ನಮ್ಮ ಅಂಬಿಗರಿಗೆ ಕತ್ತೆಯ ಅಗತ್ಯ ಬೀಳಲಿಲ್ಲ. ಸಣ್ಣ ಹರಿಗೋಲನ್ನು ಬೆನ್ನಿನ ಮೇಲೆ ಬೋರಲು ಹೊತ್ತು ಆಮೆಯಂತೆ ದಡದಲ್ಲಿ ನಡೆದುಬಿಡುತ್ತಾರೆ.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಕಂಡದ್ದು ಇದೇ ದೋಣಿ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ನೇರವಾಗಿ ಹೋಗದೆ ಸದಾ ಸುತ್ತುತ್ತಲೇ ಇರುತ್ತದೆ ಎಂದು ಆತ ಬರೆದಿಟ್ಟಿದ್ದಾನೆ. ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲವೆಂದೂ ಸೇರಿಸಿದ್ದಾನೆ. 1800ರ ಜೂನ್ ತಿಂಗಳಲ್ಲಿ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ ರಾಣೆಬೆನ್ನೂರನ್ನು ಹಿಡಿದ. ಮುಂದೆ ವಾಟರ್ಲೂ ಯುದ್ಧ ಗೆದ್ದ ವೆಲ್ಲಿಂಗ್ಟನ್ ದೊರೆ ಈತನೇ. ದಕ್ಷಿಣದ ದಂಡಯಾತ್ರೆಗಳಲ್ಲಿ ಈತ ಬರೆದ ಪತ್ರಗಳಲ್ಲಿ ಬುಟ್ಟಿ ದೋಣಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ತುಂಬಿದ ಹೊಳೆಯ ಮುಂದೆ ತೋಪು ಮದ್ದುಗಳೆಲ್ಲ ಈ ಬುಟ್ಟಿಗಾಗಿ ಕಾಯಬೇಕಾಗಿತ್ತು. 1933ರಲ್ಲಿ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದ. ಹೊರಗಿನವರು ಇಷ್ಟು ಬರೆದರು. ನಾವು ಅದರಲ್ಲಿ ಕೂತು ದಾಟಿದೆವು, ಬರೆಯಲಿಲ್ಲ.

ಹೆಣಿಗೆ ಮತ್ತು ತೇಲಿಕೆ

ಹರಿಗೋಲು ಕಟ್ಟುವುದು ಬಿದಿರಿನಿಂದ. ಹಸಿ ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುತ್ತಾರೆ. ಸಮತಟ್ಟಾದ ನೆಲದ ಮೇಲೆ ದಬ್ಬೆಗಳನ್ನು ಅಡ್ಡ, ಉದ್ದ, ಓರೆಯಾಗಿ ಹಾಸಿ ತಳವನ್ನು ಹೆಣೆಯುತ್ತಾರೆ. ಮಿಸುಕದಂತೆ ನಡುವೆ ಕಲ್ಲು ಹೇರುತ್ತಾರೆ. ನಂತರ ತುದಿಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸಿ, ಬಾಯಿಯ ಸುತ್ತ ಹಲವು ದಬ್ಬೆಗಳನ್ನು ಒಟ್ಟುಗೂಡಿಸಿ ಬಿಗಿಯಾದ ಅಂಚು ಕಟ್ಟುತ್ತಾರೆ. ಬುಟ್ಟಿ, ಮೊರ ಹೆಣೆಯುವ ಮೇದಾರರ ಕೆಲಸವನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆದರೆ ಬುಟ್ಟಿಯ ಮೇಲೆ ಹೊರಗಿನಿಂದ ನೀರಿನ ಒತ್ತಡ ಬೀಳುವುದಿಲ್ಲ. ಹರಿಗೋಲಿನ ಮೇಲೆ ಬೀಳುತ್ತದೆ. ಎಲ್ಲ ಬಿಗಿಯೂ ಆ ಅಂಚಿನಲ್ಲಿದೆ. ಅಂಚು ಸಡಿಲಿದರೆ ದುಂಡು ಹೋಗಿ ಮೊಟ್ಟೆಯಾಕಾರ ಬರುತ್ತದೆ.

ಹಿಂದೆ ಹೊರಗಿನ ಹೊದಿಕೆ ಎಮ್ಮೆಯ ಚರ್ಮದ್ದು. ಚರ್ಮದ ಜಾಗಕ್ಕೆ ಡಾಂಬರು ಬಳಿದ ಬಟ್ಟೆ ಬಂತು, ಅದರ ಜಾಗಕ್ಕೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆಗಳು ಬಂದವು. ಇದನ್ನು ಕಂಡು ಹಲುಬುವವರೊಡನೆ ನಾನಿಲ್ಲ. ಚರ್ಮ ಒಣಗಿಸಿ, ಎಣ್ಣೆ ತಿನ್ನಿಸಿ, ಕೊಳೆಯದಂತೆ ಕಾಯುವ ಪಾಡು ಪಟ್ಟವರಿಗೇ ಗೊತ್ತು. ಹೊದಿಕೆ ಎಂದೂ ಅಂಗಿ ಮಾತ್ರ. ದೋಣಿಯ ಮೈ ಇರುವುದು ಹೆಣಿಗೆಯಲ್ಲಿ.

ಇನ್ನು ತೇಲುವ ಲೆಕ್ಕ. ವಿಜ್ಞಾನ ಓದಿದವನಾದ್ದರಿಂದ ಈ ಭಾಗವನ್ನು ಬಿಡಲು ಮನಸ್ಸಾಗುವುದಿಲ್ಲ. ತಳದ ಅಡ್ಡಗಲ 2 ಮೀಟರ್ ಇರುವ ಹರಿಗೋಲನ್ನು ತೆಗೆದುಕೊಳ್ಳಿ. ತಳದ ವಿಸ್ತೀರ್ಣ 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರು ಸುಮಾರು 31 ಲೀಟರ್, ಅಂದರೆ 31 ಕಿಲೋಗ್ರಾಂ. ಆರ್ಕಿಮಿಡೀಸನ ನಿಯಮದಂತೆ 60 ಕಿಲೋ ತೂಕದ ಮನುಷ್ಯ ಹತ್ತಿದರೆ ಹರಿಗೋಲು ಇಳಿಯುವುದು ಎರಡೇ ಸೆಂಟಿಮೀಟರ್. ಎಂಟು ಜನರೂ ಹರಿಗೋಲಿನ ಸ್ವಂತ ತೂಕವೂ ಸೇರಿದರೂ ಒಂದು ಗೇಣು ಮುಳುಗುವುದಿಲ್ಲ. ಬಂಡೆಗಳೇ ತುಂಬಿದ, ಮೊಣಕಾಲುದ್ದದ ನೀರಿನಲ್ಲಿ ಉದ್ದನೆಯ ಮರದ ದೋಣಿ ತಳ ಹರಿದುಕೊಳ್ಳುವ ಕಡೆ ಇದು ಸಲೀಸಾಗಿ ಜಾರುತ್ತದೆ. ಕಲ್ಲಿಗೆ ತಾಗಿದರೆ ಒಡೆಯುವುದಿಲ್ಲ, ಬಾಗಿ ಎದ್ದುಕೊಳ್ಳುತ್ತದೆ. ತುಂಗಭದ್ರೆಯ ಪಾತ್ರಕ್ಕೆ ಇದಕ್ಕಿಂತ ಒಗ್ಗುವ ದೋಣಿಯನ್ನು ಯಾವ ಎಂಜಿನಿಯರನೂ ಬರೆದುಕೊಡಲಾರ.

ಸುತ್ತುವುದೇಕೆ? ಉದ್ದನೆಯ ದೋಣಿಯನ್ನು ತಿರುಗಿಸಬೇಕಾದರೆ ಅದರ ಎರಡು ತುದಿಗಳೂ ನೀರನ್ನು ಪಕ್ಕಕ್ಕೆ ತಳ್ಳಬೇಕು; ನೀರು ತಡೆಯುತ್ತದೆ. ಹಾಯಿ ದೋಣಿಗೆ ಇಷ್ಟೂ ಸಾಲದೆಂದು ತಳದಿಂದ ಒಂದು ನಡುಹಲಗೆಯನ್ನು ಕೆಳಕ್ಕೆ ಇಳಿಬಿಡುತ್ತಾರೆ. ಗಾಳಿ ಪಕ್ಕದಿಂದ ಬೀಸಿದಾಗ ದೋಣಿ ಅಡ್ಡಕ್ಕೆ ಜಾರದೆ ಮುಂದಕ್ಕೆ ಹೋಗುವುದು ಆ ಹಲಗೆಯ ತಡೆಯಿಂದ. ಹರಿಗೋಲಿಗೆ ತುದಿಯೂ ಇಲ್ಲ, ನಡುಹಲಗೆಯೂ ಇಲ್ಲ. ನೀರು ತುಂಬಿದ ತೊಟ್ಟಿಯಲ್ಲಿ ಗಡಿಗೆಯನ್ನು ತಿರುಗಿಸಿದಂತೆ, ತಿರುಗುವಾಗ ಅದು ಯಾವ ನೀರನ್ನೂ ತಳ್ಳಬೇಕಾಗಿಲ್ಲ. ಆದ್ದರಿಂದಲೇ ಅದಕ್ಕೆ ಹಾಯಿ ಕಟ್ಟಿ ಪ್ರಯೋಜನವಿಲ್ಲ. ಗಾಳಿ ಹೋದ ಕಡೆಗೆ ಬುಗುರಿಯಂತೆ ಹೋಗುತ್ತದೆ. ಚಿತ್ರೀಕರಣಕ್ಕೆಂದು ಹರಿಗೋಲಿನಲ್ಲಿ ಕುಳಿತಾಗ ನಮ್ಮ ಛಾಯಾಗ್ರಾಹಕರು ಕ್ಯಾಮೆರಾ ತಿರುಗಿಸುವ ಗೋಜಿಗೇ ಹೋಗಲಿಲ್ಲ. ಎರಡೂ ದಡಗಳು ತಾವಾಗಿಯೇ ಚೌಕಟ್ಟಿನೊಳಗೆ ಬಂದು ಹೋಗುತ್ತಿದ್ದವು.

ಹಾಗಾದರೆ ಅಂಬಿಗ ಅದನ್ನು ನೇರವಾಗಿ ಹೇಗೆ ಒಯ್ಯುತ್ತಾನೆ? ಹುಟ್ಟನ್ನು ಪಕ್ಕದಲ್ಲಿ ಹಾಕುವುದಿಲ್ಲ, ಮುಂದೆ ಹಾಕುತ್ತಾನೆ. ಮುಂದಿನ ನೀರನ್ನು ತನ್ನ ಕಡೆಗೆ ಸೆಳೆಯುತ್ತ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿಸುತ್ತ, ನೀರಿನಲ್ಲಿ 8ರ ಅಂಕಿ ಬರೆದಂತೆ ಆಡಿಸುತ್ತಾನೆ. ಒಂದು ಸೆಳೆತ ಹುಟ್ಟಿಸಿದ ಸುತ್ತನ್ನು ಮುಂದಿನ ಸೆಳೆತ ಅಳಿಸುತ್ತದೆ. ನೋಡಲು ಸುಲಭ. ಹೊಸಬರು ಕೈಗೆ ತೆಗೆದುಕೊಂಡರೆ ದೋಣಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಎಂಥ ಬಲಶಾಲಿಯಾದರೂ ವೇಗಕ್ಕೆ ಒಂದು ಮಿತಿಯಿದೆ. ನೀರು ಸೀಳಿಕೊಂಡು ಹೋಗುವ ದೋಣಿ ತನ್ನ ಉದ್ದಕ್ಕೆ ತಕ್ಕ ಅಲೆಯನ್ನು ಎಬ್ಬಿಸಿ ಆ ಅಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಮೀಟರಿನ ದೋಣಿಗೆ ಆ ಮಿತಿ ಗಂಟೆಗೆ 6 ಕಿಲೋಮೀಟರಿನ ಆಸುಪಾಸು, ಬಿರುಸಾಗಿ ನಡೆಯುವ ಮನುಷ್ಯನ ವೇಗ. ದುಂಡು ಮೈ ಅಷ್ಟನ್ನೂ ಮುಟ್ಟುವುದು ಕಷ್ಟ. ಪಂದ್ಯದ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿ. ತೋಳ್ಬಲಕ್ಕೆ ಮಿತಿ ಬಿದ್ದಾಗ ಗೆಲುವು ಕೈಚಳಕದ ಪಾಲಾಗುತ್ತದೆ.

ಸೇತುವೆಗಳು ಬಂದವು

ಹರಿಹರದ ಹಳೆಯ ಕಲ್ಲುಸೇತುವೆ ಹತ್ತೊಂಬತ್ತನೆಯ ಶತಮಾನದ್ದು. ಆಮೇಲೆ ಒಂದೊಂದೇ ಕಡವಿನಲ್ಲಿ ಸೇತುವೆ ಎದ್ದಿತು. ಇದು ಬರಬೇಕಾದದ್ದೇ. ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳನ್ನು ತುಂಬು ಹೊಳೆಯಲ್ಲಿ ಬುಟ್ಟಿಯೊಳಗೆ ಕೂರಿಸಿ ದಾಟಿಸುವ ಪರಿಸ್ಥಿತಿಯನ್ನು ಪರಂಪರೆ ಎಂದು ಹೊಗಳುವುದು ನಮ್ಮ ಕೆಲಸವಲ್ಲ. ಆದರೆ ಕಡವು ನಿಂತ ಕಡೆ ಹರಿಗೋಲಿಗೆ ಉಳಿಯುವುದು ಮೀನುಗಾರಿಕೆ ಮಾತ್ರ. ಅಲ್ಲಿಯೂ ಸಹಾಯಧನದ ಫೈಬರ್ ಹರಿಗೋಲುಗಳು ಬಂದಿವೆ. ಅವು ಬಾಳಿಕೆ ಬರುತ್ತವೆ, ಸೋರುವುದಿಲ್ಲ; ಮೀನು ಹಿಡಿದು ಬದುಕುವವನು ಅದನ್ನು ತೆಗೆದುಕೊಂಡರೆ ಆಕ್ಷೇಪಿಸಲು ನಮಗೇನು ಹಕ್ಕು? ಅಚ್ಚಿನಲ್ಲಿ ಎರಕ ಹೊಯ್ದ ದೋಣಿಗೆ ಹೆಣೆಯುವ ಕೈ ಬೇಕಾಗುವುದಿಲ್ಲ, ಅಷ್ಟೆ. ಹೆಣೆಯುವ ಕೈಗಳಿಗೆ ವಯಸ್ಸಾಗಿದೆ. ಈ ವಿದ್ಯೆಗೆ ನಕ್ಷೆಯಿಲ್ಲ, ಪುಸ್ತಕವಿಲ್ಲ. ಕೈ ನಿಂತರೆ ಅದೂ ನಿಂತಿತು.

ಪಂದ್ಯ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಂಪಿ ಉತ್ಸವದ ಅಂಗವಾಗಿ ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆಸಿದ್ದಾರೆ. ಜನ ದಡದಲ್ಲಿ ಕಿಕ್ಕಿರಿಯುತ್ತಾರೆ, ಸೀಟಿ ಹೊಡೆಯುತ್ತಾರೆ. ಬ್ರಿಟನ್ನಿನಲ್ಲಿಯೂ ಹರಿಗೋಲಿನ ಒಡಹುಟ್ಟಿದ ದೋಣಿ ಒಂದಿದೆ. ಅಲ್ಲಿ ಅದರ ಹೆಸರು ‘ಕೊರಾಕಲ್’. ಸೆವರ್ನ್ ನದಿಯ ಐರನ್‌ಬ್ರಿಜ್ ಊರಿನಲ್ಲಿ ಅದರ ಪಂದ್ಯಗಳು ನಡೆದು ಬಂದಿವೆ. 1990ರಲ್ಲಿ ಕೊರಾಕಲ್ ಸೊಸೈಟಿ ಎಂಬ ಸಂಘವೇ ಹುಟ್ಟಿತು. ಒಂದೊಂದು ಹೊಳೆಯ ಕೊರಾಕಲ್ಲಿಗೆ ಒಂದೊಂದು ರೂಪ ಇರುವುದನ್ನು ಅವರು ಅಳೆದು, ಬರೆದು, ಅದೇ ರೂಪದಲ್ಲಿ ಮತ್ತೆ ಕಟ್ಟುತ್ತಾರೆ. ಹವ್ಯಾಸಿಗಳು ಶಿಬಿರಕ್ಕೆ ಬಂದು ತಾವೇ ಒಂದನ್ನು ಕಟ್ಟಿಕೊಂಡು ಹೋಗುತ್ತಾರೆ.

ನಮ್ಮ ಪಂದ್ಯಕ್ಕೆ ಇಲ್ಲದಿರುವುದು ಈ ಅಳೆದು ಬರೆಯುವ ಕೆಲಸ. ಉತ್ಸವದ ದಿನ ಸಿಕ್ಕ ಹರಿಗೋಲನ್ನು ತಂದು ಸಾಲಾಗಿ ನಿಲ್ಲಿಸಿದರೆ ಅಂದಿನ ಮನರಂಜನೆ ಆಗುತ್ತದೆ. ಒಬ್ಬನದು ಹಗುರದ ಫೈಬರಿನದು, ಇನ್ನೊಬ್ಬನದು ನೀರು ಕುಡಿದ ಬಿದಿರಿನದು ಆದರೆ ಸೋತವನು ಮುಂದಿನ ವರ್ಷ ಬಿದಿರು ಹೆಣೆಸುವುದಿಲ್ಲ, ಫೈಬರ್ ಕೊಳ್ಳುತ್ತಾನೆ. ಅಳತೆಯಿಲ್ಲದ ಪಂದ್ಯ ಹಳೆಯ ದೋಣಿಯನ್ನು ಉಳಿಸುವ ಬದಲು ಬೇಗ ಮುಗಿಸುತ್ತದೆ. ಬ್ಯಾಡಗಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು, ಅದರ ಬಣ್ಣ, ಸುಕ್ಕು, ಖಾರ ಇಂಥದ್ದೇ ಎಂದು ಬರೆದು ಒಪ್ಪಿಸಿದ ಮೇಲೆ. ಬರೆದಿಟ್ಟ ಲಕ್ಷಣ ಇಲ್ಲದ ಹೆಸರನ್ನು ಯಾರು ಬೇಕಾದರೂ ಚೀಲದ ಮೇಲೆ ಬರೆದುಕೊಳ್ಳಬಹುದು.

ಆದ್ದರಿಂದ ತುಂಗಭದ್ರೆಯ ಹರಿಗೋಲಿಗೆ ಒಂದು ವರ್ಗನಿಯಮ ಬೇಕು. ನನ್ನ ಅಭಿಪ್ರಾಯ ಹೀಗಿದೆ. ಮೈ ಬಿದಿರಿನದೇ ಆಗಿರಬೇಕು, ಕೈಯಿಂದಲೇ ಹೆಣೆದಿರಬೇಕು. ಹೊದಿಕೆ ಯಾವುದಾದರೂ ಇರಲಿ. ಎಂಟರ್‌ಪ್ರೈಸ್ ವರ್ಗದವರು ಕಾಲಕ್ರಮದಲ್ಲಿ ಪ್ಲೈವುಡ್ಡಿನ ಜೊತೆ ಫೈಬರನ್ನೂ ಒಪ್ಪಿಕೊಂಡರಲ್ಲ, ನಾವೇಕೆ ಬೇಡ ಎನ್ನಬೇಕು ಎಂದು ಕೇಳಬಹುದು. ಅವರು ಉಳಿಸಬಯಸಿದ್ದು ದೋಣಿಯ ಆಕಾರವನ್ನು. ಆಕಾರ ಫೈಬರಿನಲ್ಲೂ ಉಳಿಯುತ್ತದೆ. ನಾವು ಉಳಿಸಬೇಕಾದದ್ದು ಹೆಣಿಗೆಯನ್ನು, ಅದು ಫೈಬರಿನಲ್ಲಿ ಉಳಿಯುವುದಿಲ್ಲ. ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿ ಮರವನ್ನು ಬಿಡದ ಡಬ್ಲಿನ್ನಿನವರು. ಫೈಬರಿನವರಿಗೆ ಬೇಕಾದರೆ ಬೇರೆ ಪಂದ್ಯ ಇಡಲಿ. ಕನಿಷ್ಠ ತೂಕ ಗೊತ್ತುಮಾಡಬೇಕು. ಇಲ್ಲವಾದರೆ ಹಗುರ ಮಾಡುವ ಆಸೆಯಿಂದ ದಬ್ಬೆ ತೆಳುವಾಗಿ, ಪಂದ್ಯದ ನಡುವೆಯೇ ಹರಿಗೋಲು ಮಡಿಸಿಕೊಂಡೀತು. ಬಹುಮಾನದ ಒಂದು ಪಾಲು ಹುಟ್ಟು ಹಾಕಿದವನಿಗೆ, ಇನ್ನೊಂದು ಪಾಲು ಹೆಣೆದವನಿಗೆ ಸಲ್ಲಬೇಕು. ಇದು ಬಹಳ ಮುಖ್ಯ.

ಪಂದ್ಯ ಹೊಳೆಯಲ್ಲಿ ಬೇಡ, ಕೆರೆಯಲ್ಲಿ ಇರಲಿ. ಹೊಳೆಯಲ್ಲಿ ಪ್ರವಾಹದ ಸೆಳವು ಸಿಕ್ಕವನು ಗೆಲ್ಲುತ್ತಾನೆ. ಮೇಲಾಗಿ ಮರಳು ತೆಗೆದ ಗುಂಡಿಗಳಿರುವ ಪಾತ್ರದಲ್ಲಿ ಅಪಾಯ ಹೆಚ್ಚು. ಹಾವೇರಿಯ ಹೆಗ್ಗೇರಿ ಇದೆ, ರಾಣೆಬೆನ್ನೂರಿನ ದೊಡ್ಡಕೆರೆ ಇದೆ. ಮುಂಗಾರು ಮುಗಿದು ನೀರು ನಿಂತಿರುವ ತಿಂಗಳುಗಳೇ ಸೂಕ್ತ. ಓಟದ ದಾರಿ ಒಂದೇ ನೇರ ಗೆರೆಯಾಗಿರಬಾರದು. ಉದ್ದನೆಯ ದೋಣಿಗಳು ತಿರುವಿನಲ್ಲಿ ವೇಗ ಕಳೆದುಕೊಳ್ಳುತ್ತವೆ, ಹರಿಗೋಲು ಇದ್ದಲ್ಲೇ ತಿರುಗಬಲ್ಲದು. ಅದರ ದೋಷವೆಂದು ಪಾಯಸ್ ಬರೆದದ್ದೇ ಇಲ್ಲಿ ಗುಣವಾಗುತ್ತದೆ. ನೀರಿನಲ್ಲಿ ಐದಾರು ಗೂಟ ನೆಟ್ಟು, ಅವುಗಳ ನಡುವೆ ಹಾವಿನಂತೆ ನುಸುಳಿ ಬರುವ ದಾರಿ ಮಾಡಿದರೆ ನೋಡುವವರಿಗೂ ಬೇಸರವಾಗದು. ಈಜು ಬಂದರೂ ಬಾರದಿದ್ದರೂ ಪ್ರತಿಯೊಬ್ಬರೂ ತೇಲುಜಾಕೀಟು ತೊಡಬೇಕು, ಪಕ್ಕದಲ್ಲಿ ರಕ್ಷಣೆಯ ದೋಣಿ ಇರಬೇಕು. ಹರಿಗೋಲು ಅಗಲವಾಗಿರುವುದರಿಂದ ಸುಲಭಕ್ಕೆ ಮಗುಚುವುದಿಲ್ಲವೆಂಬುದು ನಿಜ. ಆದರೆ ಎಲ್ಲರೂ ಒಂದೇ ಬದಿಗೆ ವಾಲಿದರೆ ಅಂಚಿನ ಮೇಲಿಂದ ನೀರು ನುಗ್ಗುತ್ತದೆ. ಆಮೇಲೆ ಯಾವ ಲೆಕ್ಕವೂ ನಡೆಯದು.

ಬಿದಿರಿನ ಚಿಂತೆ ಮೊದಲಿನಷ್ಟಿಲ್ಲ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ ಎಂಬ ವ್ಯಾಖ್ಯೆಯಿಂದ ತೆಗೆದರು. ಹೊಳೆದಂಡೆಯ ಹೊಲದ ಬದುವಿನಲ್ಲಿ ರೈತ ಬೆಳೆದುಕೊಳ್ಳಬಹುದು.

ನಿಯಮದಲ್ಲಿ ಬರೆಯಬೇಕಾದ ಅಂಕಿಗಳನ್ನು ನಾನು ಇಲ್ಲಿ ಕೊಡುತ್ತಿಲ್ಲ. ಅವನ್ನು ಪಟ್ಟಣದ ಮೇಜಿನ ಮುಂದೆ ಕುಳಿತು ಬರೆಯಕೂಡದು. ಇರುವ ಹರಿಗೋಲುಗಳಿಂದ ತೆಗೆಯಬೇಕು. ಆ ಕೆಲಸವನ್ನು ನೀವೇ ಆರಂಭಿಸಬಹುದು. ನಿಮ್ಮ ಊರಿನ ದಡದಲ್ಲಿ ಬಿದಿರಿನ ಹರಿಗೋಲು ಇದ್ದರೆ ಅದರ ಯಜಮಾನರ ಅಪ್ಪಣೆ ಪಡೆದು, ಒಂದು ಟೇಪು ಹಿಡಿದು ಹೋಗಿ. ಶಾಲೆಯ ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಾಯಿಯ ಅಡ್ಡಗಲವನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ದುಂಡಾಗಿ ಕಂಡರೂ ಎರಡು ಅಳತೆ ಒಂದೇ ಆಗಿರುವುದು ಅಪರೂಪ. ನಡುವಿನ ಆಳ, ತಳದ ಅಡ್ಡಗಲ, ದಬ್ಬೆಯ ಅಗಲ ಮತ್ತು ದಪ್ಪ, ಅಂಚಿನಲ್ಲಿ ಎಷ್ಟು ದಬ್ಬೆ ಸೇರಿವೆ, ಹುಟ್ಟಿನ ಉದ್ದ ಎಷ್ಟು, ಇವನ್ನು ಬರೆದುಕೊಳ್ಳಿ. ಚೀಲ ತೂಗುವ ತಕ್ಕಡಿ ಸಿಕ್ಕರೆ ತೂಕವನ್ನೂ ನೋಡಿ, ಒಣಗಿದ ದಿನವೋ ನೀರಿನಿಂದ ಎತ್ತಿದ ದಿನವೋ ಎಂಬುದನ್ನು ಪಕ್ಕದಲ್ಲಿ ಗುರುತುಮಾಡಿ. ಹೆಣೆದವರು ಯಾರು, ಅವರು ಯಾರಿಂದ ಕಲಿತರು ಎಂದು ಕೇಳಿ. ಕೊನೆಗೆ ಹರಿಗೋಲನ್ನು ಬೋರಲು ಹಾಕಿಸಿ ತಳದ ಹೆಣಿಗೆಯ ಒಂದು ಚಿತ್ರ ತೆಗೆಯಿರಿ. ಹೊದಿಕೆ ಬಿಚ್ಚಿ ಹೊಸದು ಹಾಕುವ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಂಡರೆ ಆ ದಿನವೇ ಹೋಗುವುದು ಉತ್ತಮ. ಹೆಣಿಗೆ ಪೂರ್ತಿ ಕಣ್ಣಿಗೆ ಬೀಳುವುದು ಅಂದು ಮಾತ್ರ.